ಕೇಕ್ ಹೇಳಿದ ಹಾಗೆ ಕೇಳಿ: ಬೆಂಗಳೂರಿನ ಡಿಸೆಂಬರ್ ರಜೆಗೊಂದು ಪ್ಲಾನ್

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ದೊಡ್ಡ ಸಿನಿಮಾ, ಅಂಗಡಿಗಳಲ್ಲಿ ಸೇಲು, ಬ್ರಿಗೇಡ್ ರೋಡಿನ ಲೈಟು, ಪಕ್ಕದ ಮನೆಯಿಂದ ಕ್ರಿಸ್‌ಮಸ್ ತಿಂಡಿ ಕುಲ್ಕುಲ್‌ನ ಡಬ್ಬಿ. ಜೊತೆಗೆ ಬೆಳಿಗ್ಗೆ ದೇವಸ್ಥಾನದಲ್ಲಿ ಧನುರ್ಮಾಸದ ಹುಗ್ಗಿ. ನಾವು ಏನು ಮಾಡುತ್ತೇವೆ? 23ನೇ ತಾರೀಕು ಎಚ್ಚರಾಗಿ, ಎಲ್ಲವನ್ನೂ ಮೂರು ದಿನಕ್ಕೆ ತುರುಕುತ್ತೇವೆ. ಟ್ರಾಫಿಕ್ಕಿನಲ್ಲಿ ಅರ್ಧ ರಜೆ ಹೋಗುತ್ತದೆ, ಉಳಿದರ್ಧ ಸುಸ್ತಿನಲ್ಲಿ.

ಇದಕ್ಕೆ ನನ್ನ ಪ್ರಕಾರ ಒಂದೇ ಮದ್ದು. ಮನೆಯಲ್ಲಿ ಒಂದು ಪ್ಲಮ್ ಕೇಕ್ ಮಾಡುತ್ತೇವೆ ಅಂತ ಮೊದಲೇ ತೀರ್ಮಾನಿಸಿ, ಅದರ ಟೈಮ್ ಟೇಬಲ್ಲಿಗೇ ಉಳಿದದ್ದನ್ನೆಲ್ಲ ಹೊಂದಿಸಿಕೊಳ್ಳಿ. ಹಣ್ಣು ನೆನೆಯುವಾಗ ಶಾಪಿಂಗ್. ಕೇಕ್ ಬೇಯುವಾಗ ಸಿನಿಮಾ. ಕೇಕ್ ಹದವಾಗುವಾಗ ಊರು ಸುತ್ತಾಟ. ಪ್ಲಮ್ ಕೇಕಿನಲ್ಲಿ ಕೆಲಸಕ್ಕಿಂತ ಕಾಯುವುದೇ ಜಾಸ್ತಿ, ಅದೇ ಇಲ್ಲಿ ಅನುಕೂಲ.

ಡಿಸೆಂಬರ್ ಮೊದಲ ವಾರ: ಹಣ್ಣು ನೆನೆಹಾಕಿ

ಮೊದಲ ಶಾಪಿಂಗ್ ಬಟ್ಟೆಯದಲ್ಲ, ದ್ರಾಕ್ಷಿಯದು. ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗಿ. 1927ರ ಕಟ್ಟಡ, ಒಳಗೆ ತರಕಾರಿ, ಹೂವು, ಹಣ್ಣಿನ ಜೊತೆ ಡ್ರೈ ಫ್ರೂಟ್ಸ್ ಅಂಗಡಿಗಳೂ ಇವೆ. ಬೆಳಿಗ್ಗೆ ಹೋದರೆ ಆರಾಮ. ಚಿಕ್ಕ ಪ್ಯಾಕೆಟ್ ಬೇಡ, ತೂಕಕ್ಕೆ ಕೊಳ್ಳಿ. ಒಂದೆರಡು ಬಾಯಿಗೆ ಹಾಕಿ ನೋಡಿ. ಹಳೇ ದ್ರಾಕ್ಷಿ ಹುಳಿ ವಾಸನೆ ಬರುತ್ತದೆ, ಹಳೇ ಗೋಡಂಬಿ ಕಮಟು. ಎದುರಿಗೇ ಸೇಂಟ್ ಮೇರಿಸ್ ಬೆಸಿಲಿಕಾ. ಸುತ್ತಲಿನ ಅಂಗಡಿಗಳಲ್ಲಿ ಪೇಪರ್ ನಕ್ಷತ್ರ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಗೊಂಬೆಗಳು ಆಗಲೇ ತೂಗುತ್ತಿರುತ್ತವೆ. ನಕ್ಷತ್ರ ಬೇಕಿದ್ದರೆ ಅವತ್ತೇ ತಂದುಬಿಡಿ. 22ರ ನಂತರ ಹೋದರೆ ಉಳಿದದ್ದನ್ನೇ ಆರಿಸಿಕೊಳ್ಳಬೇಕು, ಚೌಕಾಸಿಯೂ ನಡೆಯುವುದಿಲ್ಲ.

ಎಂಟು ಇಂಚಿನ ಒಂದು ಟಿನ್ನಿಗೆ ಬೇಕಾದದ್ದು ಇಷ್ಟು: ಕಪ್ಪು ಒಣದ್ರಾಕ್ಷಿ 150 ಗ್ರಾಂ, ಸಾದಾ ಒಣದ್ರಾಕ್ಷಿ 100 ಗ್ರಾಂ, ಬೀಜ ತೆಗೆದು ಹೆಚ್ಚಿದ ಖರ್ಜೂರ 75 ಗ್ರಾಂ, ಟೂಟಿ ಫ್ರೂಟಿ 50 ಗ್ರಾಂ, ಸಕ್ಕರೆಯಲ್ಲಿ ಪಾಕ ಮಾಡಿದ ಕಿತ್ತಳೆ ಸಿಪ್ಪೆ 25 ಗ್ರಾಂ. ಟೂಟಿ ಫ್ರೂಟಿ ಅಂದರೆ ಬಣ್ಣ ಹಾಕಿದ ಪರಂಗಿಕಾಯಿಯೇ, ಅದನ್ನು ಇದಕ್ಕಿಂತ ಜಾಸ್ತಿ ಹಾಕಬೇಡಿ. ಕೇಕ್ ಚಂದ ಕಾಣುತ್ತದೆ, ರುಚಿ ಸಪ್ಪೆಯಾಗುತ್ತದೆ.

ದ್ರಾಕ್ಷಿಯನ್ನು ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಎಲ್ಲವನ್ನೂ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ನೀರಿನ ಪಸೆ ಇಲ್ಲದ ಗಾಜಿನ ಜಾಡಿಗೆ ತುಂಬಿ, 150 ಎಂ.ಎಲ್. ರಮ್ ಸುರಿದು ಮುಚ್ಚಿ. ದಿನಕ್ಕೊಮ್ಮೆ ಜಾಡಿ ಅಲ್ಲಾಡಿಸಿದರೆ ಸಾಕು, ಅದನ್ನು ಮಕ್ಕಳಿಗೆ ವಹಿಸಿ. ಹತ್ತು ಹದಿನೈದು ದಿನದಲ್ಲಿ ದ್ರಾಕ್ಷಿ ಉಬ್ಬಿ, ರಮ್ ಮುಕ್ಕಾಲು ಪಾಲು ಮಾಯವಾಗಿರುತ್ತದೆ.

ರಮ್ ಬೇಡ ಅನ್ನುವ ಮನೆಗಳೇ ನಮ್ಮಲ್ಲಿ ಹೆಚ್ಚು. ತೊಂದರೆ ಇಲ್ಲ. ಇದೇ ಅಳತೆಯ ಕಿತ್ತಳೆ ರಸವನ್ನು ಬಿಸಿ ಮಾಡಿ ಹಣ್ಣಿನ ಮೇಲೆ ಸುರಿಯಿರಿ. ಆದರೆ ಒಂದು ಎಚ್ಚರಿಕೆ. ರಸದಲ್ಲಿ ನೆನೆಸಿದ್ದನ್ನು ಹೊರಗೆ ವಾರಗಟ್ಟಲೆ ಇಡಬಾರದು, ಹುಳಿ ಬರುತ್ತದೆ. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ಒಂದೆರಡು ದಿನದಲ್ಲಿ ಬಳಸಿಬಿಡಿ. ಅಂದರೆ ರಸದವರು ಈಗ ಹಣ್ಣು ಕೊಂಡಿಟ್ಟುಕೊಂಡು, ಕೇಕ್ ಮಾಡುವ ಹಿಂದಿನ ದಿನ ನೆನೆಹಾಕಿದರಾಯಿತು.

ರಮ್ ಇಲ್ಲದಿದ್ದರೆ ಅದು ‘ಒರಿಜಿನಲ್’ ಅಲ್ಲ ಅಂತ ಯಾರಾದರೂ ಮೂಗು ಮುರಿದರೆ ಕೇರಳದ ತಲಶ್ಶೇರಿಯ ಕಥೆ ಹೇಳಿ. ನಮ್ಮ ದೇಶದ ಮೊದಲ ಕ್ರಿಸ್‌ಮಸ್ ಕೇಕನ್ನು 1883ರಲ್ಲಿ ಅಲ್ಲಿನ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಮಾಡಿದರು ಅನ್ನುತ್ತಾರೆ. ಮಾಡಿಸಿದ ಸಾಹೇಬ ಆಗ ಫ್ರೆಂಚರ ಊರಾಗಿದ್ದ ಪಕ್ಕದ ಮಾಹೆಯಿಂದ ಫ್ರೆಂಚ್ ಬ್ರಾಂಡಿ ತಂದು ಹಾಕು ಅಂದನಂತೆ. ಬಾಪು ಗೋಡಂಬಿ ಹಣ್ಣು, ಬಾಳೆಹಣ್ಣಿನಿಂದ ಮಾಡಿದ ಅಲ್ಲಿಯದೇ ಸಾರಾಯಿ ಹಾಕಿದರಂತೆ. ಕೇಕ್ ತಿಂದ ಸಾಹೇಬ ಇನ್ನೂ ಒಂದು ಡಜನ್ ಬೇಕು ಅಂದನಂತೆ!

ಎರಡನೇ ವಾರ: ಉಳಿದ ಶಾಪಿಂಗ್ ಮುಗಿಸಿ

ಜಾಡಿ ಕಪಾಟಿನಲ್ಲಿ ಕೂತಿರಲಿ. ಈಗ ಒಂದು ಚೀಟಿ ಬರೆಯಿರಿ. ವಸ್ತುವಿನ ಹೆಸರಲ್ಲ, ಜನರ ಹೆಸರು. ಅತ್ತೆ, ಅಣ್ಣನ ಮಗಳು, ಮನೆ ಕೆಲಸಕ್ಕೆ ಬರುವ ಅಕ್ಕ, ವಾಚ್‌ಮನ್. ಹೆಸರಿನ ಎದುರು ಎಷ್ಟು ದುಡ್ಡು ಅಂತ ಬರೆದ ಮೇಲೆಯೇ ಏನು ಕೊಡುವುದು ಅಂತ ಯೋಚಿಸಿ. ಇದನ್ನು ತಿರುಗಿಸಿ ಮಾಡಿದರೆ, ಸೇಲ್‌ನಲ್ಲಿ ಕಂಡದ್ದೆಲ್ಲ ಯಾರಿಗೋ ಒಬ್ಬರಿಗೆ ಬೇಕು ಅನ್ನಿಸುತ್ತದೆ.

ಬಟ್ಟೆಗೆ ಕಮರ್ಷಿಯಲ್ ಸ್ಟ್ರೀಟ್. ವಾರದ ದಿನ, ಅಂಗಡಿ ತೆರೆಯುತ್ತಿದ್ದ ಹಾಗೇ ಹೋಗಿ. ಕಾರು ಬೇಡ. ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ಕೂಡ ಅದೇ ಸ್ಟೇಷನ್ನಿನ ಬುಡದಲ್ಲಿವೆ. ಬಿಲ್ ಕೇಳಿ ಪಡೆಯಿರಿ, ಬದಲಾಯಿಸಿಕೊಡುತ್ತೀರಾ ಅಂತ ದುಡ್ಡು ಕೊಡುವ ಮುಂಚೆ ಕೇಳಿ. ‘ಸೇಲ್ ಐಟಮ್ಮಿಗೆ ಎಕ್ಸ್‌ಚೇಂಜ್ ಇಲ್ಲ’ ಅನ್ನುವ ಬೋರ್ಡು ಯಾವಾಗಲೂ ಕ್ಯಾಷಿಯರ್ ಬೆನ್ನ ಹಿಂದೆಯೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದು ದುಡ್ಡು ಕೊಟ್ಟ ಮೇಲೆ.

ಮಕ್ಕಳಿಗೆ ಏನು ಕೊಡುವುದು ಅಂತ ತೋಚದಿದ್ದರೆ ಎರಡು ದಾರಿ. ಒಂದು, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು. ಅಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕಗಳೂ ಸಿಗುತ್ತವೆ, ಮಕ್ಕಳನ್ನೇ ಬಿಟ್ಟು ಆರಿಸಲು ಹೇಳಿ. ಇನ್ನೊಂದು, ಚನ್ನಪಟ್ಟಣದ ಗೊಂಬೆ. ಹಾಲೆ ಮರದ್ದು, ಅರಗಿನ ಬಣ್ಣದ್ದು, ಭೌಗೋಳಿಕ ಗುರುತು (ಜಿಐ ಟ್ಯಾಗ್) ಇರುವ ನಮ್ಮದೇ ಸಾಮಾನು. ಎಂ.ಜಿ. ರೋಡಿನ ಸರ್ಕಾರಿ ಕಾವೇರಿ ಎಂಪೋರಿಯಮ್ಮಿನಲ್ಲಿ ಸಿಗುತ್ತದೆ. ರಜೆಯಲ್ಲಿ ಮೈಸೂರಿಗೆ ಹೋಗುವವರು ಹಳೇ ಹೆದ್ದಾರಿ ಹಿಡಿದರೆ ಚನ್ನಪಟ್ಟಣದಲ್ಲೇ ಇಳಿದು ಕೊಳ್ಳಬಹುದು. ಹೊಸ ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿಂದ ಹಾದುಹೋಗುತ್ತದೆ, ಗೊಂಬೆ ಅಂಗಡಿಗಳು ಕಣ್ಣಿಗೇ ಬೀಳುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸುವುದಿದ್ದರೆ ಈ ವಾರವೇ ಆರ್ಡರ್ ಮಾಡಿ. ವಾಟ್ಸಾಪಿನಲ್ಲಿ ಬರುವ ‘ಕ್ರಿಸ್‌ಮಸ್ ಬಂಪರ್ ಗಿಫ್ಟ್’ ಲಿಂಕ್ ಮುಟ್ಟಬೇಡಿ, ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪನೇ ಕಳಿಸಿದ್ದರೂ ಸರಿ. ನೆನಪಿಡಿ, ಯುಪಿಐ ಪಿನ್ ಹಾಕಬೇಕಾದದ್ದು ದುಡ್ಡು ಕೊಡುವಾಗ ಮಾತ್ರ. ದುಡ್ಡು ನಿಮಗೆ ಬರುವುದಕ್ಕೆ ಪಿನ್ ಬೇಕಾಗಿಲ್ಲ. ಯಾಮಾರಿಹೋದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

19–20ರ ಸುಮಾರಿಗೆ: ಕೇಕ್ ದಿನ

ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದ ಒಂದು ಮಧ್ಯಾಹ್ನ ಬೇಕು. ಬೆಂಗಳೂರಿನ ಡಿಸೆಂಬರ್ ಚಳಿಗೆ ಬೆಣ್ಣೆ ಬೇಗ ಕರಗುವುದಿಲ್ಲ. ಬೆಣ್ಣೆ, ಮೊಟ್ಟೆ ಎರಡನ್ನೂ ಎರಡು ಗಂಟೆ ಮುಂಚೆಯೇ ಫ್ರಿಜ್ಜಿನಿಂದ ಹೊರಗಿಡಿ.

ಮೊದಲು ಕ್ಯಾರಮೆಲ್. ಪ್ಲಮ್ ಕೇಕಿಗೆ ಕಪ್ಪು ಬಣ್ಣ ಬರುವುದು ಇದರಿಂದಲೇ, ಕೋಕೋದಿಂದ ಅಲ್ಲ. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆ ಹಾಕಿ, ನೀರು ಹಾಕದೆ ಸಣ್ಣ ಉರಿಯಲ್ಲಿಡಿ. ಪಕ್ಕದ ಒಲೆಯಲ್ಲಿ ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ, ಸುಮಾರು 80 ಎಂ.ಎಲ್. ನೀರು ಕುದಿಯುತ್ತಿರಲಿ. ಸಕ್ಕರೆ ಮೊದಲು ಅಂಚಿನಲ್ಲಿ ಕರಗುತ್ತದೆ. ಚಮಚ ಹಾಕಿ ಕಲಕಬೇಡಿ, ಪಾತ್ರೆಯನ್ನೇ ಹಿಡಿದು ತಿರುಗಿಸಿ. ಹೊಂಬಣ್ಣಕ್ಕೆ ಬಂದಾಗ ಘಮ ಚೆನ್ನಾಗಿರುತ್ತದೆ, ಅಲ್ಲೇ ನಿಲ್ಲಿಸಬೇಕು ಅನ್ನಿಸುತ್ತದೆ. ನಿಲ್ಲಿಸಬೇಡಿ. ಅದು ಪಾಯಸಕ್ಕೆ ಸರಿ, ಈ ಕೇಕಿಗೆ ಸಾಲದು. ಕೆಂಪಾಗಿ, ಆಮೇಲೆ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ನೊರೆ ಎದ್ದು, ಮೊದಲ ಎಳೆ ಹೊಗೆ ಕಂಡ ಕ್ಷಣ ಉರಿ ಆರಿಸಿ. ಇನ್ನು ಹತ್ತು ಸೆಕೆಂಡ್ ಬಿಟ್ಟರೆ ಕಹಿ. ಈಗ ಕುದಿಯುವ ನೀರನ್ನು ಚಮಚ ಚಮಚವಾಗಿ, ಕೈ ದೂರವಿಟ್ಟು ಹಾಕಿ. ಬುಸ್ಸೆಂದು ಸಿಡಿಯುತ್ತದೆ. ಮಕ್ಕಳು ಆಗ ಅಡುಗೆಮನೆಯ ಹೊರಗಿರಲಿ. ತಣ್ಣೀರು ಮಾತ್ರ ಹಾಕಲೇಬೇಡಿ, ಸಕ್ಕರೆ ಕಲ್ಲಾಗುತ್ತದೆ, ಸಿಡಿತವೂ ಜಾಸ್ತಿ. ಗಂಟು ಉಳಿದಿದ್ದರೆ ಮತ್ತೆ ಒಲೆಯ ಮೇಲಿಟ್ಟು ಕರಗಿಸಿ, ಪೂರ್ತಿ ಆರಲು ಬಿಡಿ.

ಅದು ಆರುವಷ್ಟರಲ್ಲಿ 220 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಜರಡಿ ಹಿಡಿಯಿರಿ. ಒಂದು ಟೀ ಚಮಚ ಚಕ್ಕೆ ಪುಡಿ, ಅರ್ಧ ಚಮಚ ಒಣಶುಂಠಿ ಪುಡಿ, ಲವಂಗ ಮತ್ತು ಜಾಯಿಕಾಯಿ ಪುಡಿ ತಲಾ ಕಾಲು ಚಮಚ ಸೇರಿಸಿ. ಮಸಾಲೆಯನ್ನು ಅವತ್ತೇ ಕುಟ್ಟಿಕೊಂಡರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಈ ಹಿಟ್ಟಿನಲ್ಲೇ ಎರಡು ದೊಡ್ಡ ಚಮಚ ತೆಗೆದು, ನೆನೆಸಿದ ಹಣ್ಣಿಗೂ 75 ಗ್ರಾಂ ಗೋಡಂಬಿ ಚೂರಿಗೂ ಬೆರೆಸಿಡಿ. ಇಲ್ಲದಿದ್ದರೆ ಹಣ್ಣೆಲ್ಲ ಕೇಕಿನ ತಳ ಸೇರುತ್ತದೆ.

200 ಗ್ರಾಂ ಬೆಣ್ಣೆ, 175 ಗ್ರಾಂ ಸಕ್ಕರೆ ಪುಡಿ ಸೇರಿಸಿ ಬಿಳಚಿಕೊಂಡು ಹಗುರವಾಗುವವರೆಗೆ ಬೀಟ್ ಮಾಡಿ. ನಾಲ್ಕು ಮೊಟ್ಟೆಯನ್ನು ಒಂದೊಂದಾಗಿ ಹಾಕಿ. ಒಡೆದ ಹಾಗೆ ಕಂಡರೆ ಒಂದು ಚಮಚ ಹಿಟ್ಟು ಉದುರಿಸಿ, ಕೂಡಿಕೊಳ್ಳುತ್ತದೆ. ಆರಿದ ಕ್ಯಾರಮೆಲ್ ಹಾಕಿ. ಇನ್ನು ಬೀಟರ್ ಪಕ್ಕಕ್ಕಿಡಿ, ಹಿಟ್ಟನ್ನು ಚಮಚದಲ್ಲೇ ಹಗುರಾಗಿ ಬೆರೆಸಿ, ಕೊನೆಗೆ ಹಣ್ಣು ಸೇರಿಸಿ. ಚಮಚ ಎತ್ತಿದರೆ ಹಿಟ್ಟು ಜಾರದೆ ತೊಪ್ಪೆಂದು ಬೀಳಬೇಕು.

ಮೊಟ್ಟೆ ತಿನ್ನದವರು ಅದರ ಬದಲು 200 ಗ್ರಾಂ ಗಟ್ಟಿ ಮೊಸರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಿ ಹಾಕಿ. ಮೊಸರು ಹುಳಿ ಇರಬಾರದು. ಕೇಕ್ ಸ್ವಲ್ಪ ತಗ್ಗಾಗಿ, ಬಿಗಿಯಾಗಿ ಬರುತ್ತದೆ, ರುಚಿಗೆ ಮೋಸವಿಲ್ಲ.

ಟಿನ್ನಿನ ತಳಕ್ಕೂ ಸುತ್ತಲೂ ಎರಡು ಪದರ ಬಟರ್ ಪೇಪರ್ ಹಾಕಿ. ಓವನ್ ಮೊದಲೇ ಬಿಸಿಯಾಗಿರಲಿ, 150 ಡಿಗ್ರಿ ಸೆಲ್ಸಿಯಸ್ ಸಾಕು. ಬೇಯಲು ಒಂದೂಕಾಲರಿಂದ ಒಂದೂವರೆ ಗಂಟೆ. ಓವನ್ ಇಲ್ಲದವರು ಅರ್ಧ ಅಳತೆ ಮಾಡಿ, ಆರು ಇಂಚಿನ ಟಿನ್ನಿಗೆ ಹಾಕಿ. ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ಟೂ ವಿಶಲ್ಲೂ ತೆಗೆದು ಹತ್ತು ನಿಮಿಷ ಕಾಯಿಸಿ. ಟಿನ್ ಇಳಿಸಿ, ಅತಿ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ. ಪರಿಚಯದ ಬೇಕರಿ ಇದ್ದರೆ ಕೇಳಿ ನೋಡಿ, ಟಿನ್ ತಂದುಕೊಟ್ಟರೆ ಬೇಯಿಸಿಕೊಡುವವರು ಈಗಲೂ ಇದ್ದಾರೆ.

ಕೇಕ್ ಒಳಗೆ, ಸಿನಿಮಾ ಹೊರಗೆ

ಕೇಕ್ ಓವನ್ನಿಗೆ ಹೋದ ತಕ್ಷಣ ಟಿವಿ ಹಾಕಿ. ಓವನ್ ಬಾಗಿಲನ್ನು ಪದೇ ಪದೇ ತೆಗೆದು ನೋಡುವುದೇ ಕೇಕ್ ಕುಸಿಯಲು ದೊಡ್ಡ ಕಾರಣ, ಸಿನಿಮಾ ಅದಕ್ಕೆ ಒಳ್ಳೇ ಬೇಲಿ. ನಮ್ಮ ಸಿನಿಮಾಗಳ ಲೆಕ್ಕ ಇಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಎರಡೂವರೆ ಗಂಟೆಯ ಚಿತ್ರವಾದರೆ ‘ವಿರಾಮ’ ಬರುವ ಹೊತ್ತಿಗೆ ಒಂದೂಕಾಲು ಗಂಟೆ ಆಗಿರುತ್ತದೆ. ಆಗ ಎದ್ದು ಕೇಕಿನ ನಡುವೆ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಇನ್ನು ಹತ್ತು ನಿಮಿಷ. ಮೇಲ್ಭಾಗ ಕಪ್ಪಾಗುತ್ತಿದ್ದರೆ ಫಾಯಿಲ್ ಹೊದಿಸಿ. ಸೆಕೆಂಡ್ ಹಾಫ್ ಮುಗಿಯುವಷ್ಟರಲ್ಲಿ ಕೇಕ್ ಟಿನ್ನಿನಲ್ಲೇ ಆರಿರುತ್ತದೆ. ಮಕ್ಕಳ ಅನಿಮೇಷನ್ ಚಿತ್ರಗಳು ಸಾಮಾನ್ಯವಾಗಿ ಒಂದೂವರೆ ಗಂಟೆ, ಅದು ಮುಗಿದರೆ ಕೇಕೂ ಮುಗಿಯಿತು ಅಂತಲೇ ಇಟ್ಟುಕೊಳ್ಳಿ.

ಯಾವ ಸಿನಿಮಾ ಅನ್ನುವ ಜಗಳವನ್ನು ಹಿಂದಿನ ರಾತ್ರಿಯೇ ಮುಗಿಸಿ. ಇಲ್ಲದಿದ್ದರೆ ರಿಮೋಟ್ ಹಿಡಿದು ಹುಡುಕುವುದರಲ್ಲೇ ಕೇಕ್ ಬೆಂದಿರುತ್ತದೆ. ಅಜ್ಜಿ ಇರುವ ಮನೆಯಾದರೆ ಆಯ್ಕೆ ಅಜ್ಜಿಯದೇ ಇರಲಿ. ಕಪ್ಪು ಬಿಳುಪು ಸಿನಿಮಾ ಬಂದರೆ ಮಕ್ಕಳು ಮೊದಲು ಗೊಣಗುತ್ತಾರೆ. ಅಜ್ಜಿ ಪಕ್ಕದಲ್ಲಿ ಕೂತು ಕಥೆಯನ್ನು ಹತ್ತು ನಿಮಿಷ ಮುಂಚೆಯೇ ಹೇಳಲು ಶುರು ಮಾಡಿದ ಮೇಲೆ ಯಾರೂ ಎದ್ದುಹೋಗುವುದಿಲ್ಲ.

ಥಿಯೇಟರಿಗೆ ಹೋಗಲೇಬೇಕು ಅನ್ನುವವರಿಗೆ: ವರ್ಷದ ಕೊನೆಯ ಎರಡು ವಾರ ಕನ್ನಡ ಚಿತ್ರರಂಗಕ್ಕೆ ದೊಡ್ಡ ಸೀಸನ್ನು. ‘ಮುಂಗಾರು ಮಳೆ’ ಬಂದದ್ದು 2006ರ ಡಿಸೆಂಬರ್ 29ಕ್ಕೆ, ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ. ಹಾಗಾಗಿ 25ಕ್ಕೆ ಹೋಗಿ ಕೌಂಟರಿನಲ್ಲಿ ಟಿಕೆಟ್ ತೆಗೆಯೋಣ ಅಂದುಕೊಳ್ಳಬೇಡಿ. ರಿಲೀಸ್ ದಿನದ ಗಲಾಟೆ, ಶಿಳ್ಳೆ ಬೇಕಿದ್ದರೆ ಸಿಂಗಲ್ ಸ್ಕ್ರೀನ್. ಸಿನಿಮಾ ನೋಡಬೇಕಿದ್ದರೆ ಎರಡು ಮೂರು ದಿನ ಬಿಟ್ಟು ವಾರದ ದಿನದ ಬೆಳಗಿನ ಆಟ. ಮಕ್ಕಳ ಜೊತೆ ಹೋಗುವವರು ಸರ್ಟಿಫಿಕೇಟ್ ನೋಡಿ. ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಅನ್ನುವ ಚಿತ್ರಗಳಿಗೆ ಮೊದಲು ಬರೀ ಯುಎ ಇತ್ತು. 2024ರ ಹೊಸ ನಿಯಮದಲ್ಲಿ ಅದು ಮಕ್ಕಳ ವಯಸ್ಸಿನ ಪ್ರಕಾರ ಯುಎ 7+, 13+, 16+ ಅಂತ ಮೂರಾಗಿದೆ. ಟ್ರೇಲರ್ ನೋಡಿ ಊಹಿಸುವ ಕಷ್ಟ ಕಮ್ಮಿಯಾಗಿದೆ.

20ರಿಂದ 24: ಕೇಕ್ ಹದವಾಗಲಿ, ನೀವು ಓಡಾಡಿ

ಆರಿದ ಕೇಕನ್ನು ಅವತ್ತೇ ಕತ್ತರಿಸಬೇಡಿ. ಕಷ್ಟ, ಗೊತ್ತು. ಬಟರ್ ಪೇಪರಿನಲ್ಲಿ ಸುತ್ತಿ, ಮೇಲೆ ಫಾಯಿಲ್ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮೂರು ನಾಲ್ಕು ದಿನದಲ್ಲಿ ಮಸಾಲೆ ಎಲ್ಲ ಕಡೆ ಹರಡಿ, ಕೇಕ್ ಮೆತ್ತಗಾಗುತ್ತದೆ. ರಮ್ ಹಾಕಿದವರು ನಡುವೆ ಒಮ್ಮೆ ಒಂದು ಚಮಚ ರಮ್ ಚಿಮುಕಿಸಬಹುದು. ರಸದವರೂ ಮೊಸರಿನವರೂ ಎರಡು ದಿನದ ಮೇಲೆ ಡಬ್ಬಿಯನ್ನು ಫ್ರಿಜ್ಜಿಗೆ ಸೇರಿಸಿ, ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ.

ಈ ದಿನಗಳಲ್ಲಿ ನಗರದ ಕೇಕ್ ಶೋಗೆ ಹೋಗಿಬನ್ನಿ. 1970ರ ದಶಕದಿಂದ ನಡೆದುಬಂದಿರುವ ಪ್ರದರ್ಶನ. ಸಕ್ಕರೆಯಲ್ಲೇ ಕಟ್ಟಿದ ಅರಮನೆ, ಆನೆ, ದೇವಸ್ಥಾನಗಳನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಜಾಗ ಬದಲಾಗುತ್ತಿರುತ್ತದೆ, ಪೇಪರ್ ನೋಡಿ ಹೊರಡಿ. ಸಂಜೆ ವಿ.ವಿ. ಪುರಂ ಕಡೆ ಹೋದರೆ ಅವರೆಕಾಯಿ ಕಾಲ. ಹಿತಕಿದ ಅವರೆಬೇಳೆ ದೋಸೆ ತಿಂದರೆ, ವಾರವಿಡೀ ಸಿಹಿ ತಿಂದ ಬಾಯಿಗೆ ಸಮಾಧಾನ. ಬ್ರಿಗೇಡ್ ರೋಡಿನ ಲೈಟು ನೋಡುವುದಿದ್ದರೆ 24ರೊಳಗೆ ನೋಡಿಬಿಡಿ. 31ರ ಸಂಜೆ ಎಂ.ಜಿ. ರೋಡಿನ ಸುತ್ತ ಪೊಲೀಸರು ವಾಹನ ಬಿಡುವುದಿಲ್ಲ. ಚಿಕ್ಕ ಮಕ್ಕಳನ್ನು ಆ ನೂಕುನುಗ್ಗಲಿಗೆ ಕರೆದೊಯ್ಯುವುದು ಬೇಡವೇ ಬೇಡ.

ಮಕ್ಕಳು ಮನೆಯಲ್ಲಿ ‘ಬೋರು’ ಅಂದರೆ ಕುಲ್ಕುಲ್ ಮಾಡಿಸಿ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಇದಕ್ಕೆ ಕಿಡಿಯೊ ಅನ್ನುತ್ತಾರೆ, ಕೊಂಕಣಿಯಲ್ಲಿ ಹುಳ ಅಂತ ಅರ್ಥ, ಆಕಾರವೂ ಹಾಗೇ. ಅಲ್ಲಿ ಹಬ್ಬಕ್ಕೆ ಕುಸ್ವಾರ್ ಅಂತ ಒಂದು ತಟ್ಟೆ ತಿಂಡಿ ಮಾಡುತ್ತಾರೆ. ನೆವ್ರಿ, ರೋಸ್ ಕುಕ್ಕಿ, ತುಕ್ಡಿ, ಜೊತೆಗೆ ಈ ಕಿಡಿಯೊ. ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತಾರೆ. ಕಾಲು ಕಿಲೋ ಮೈದಾ, ಎರಡು ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಒಂದು ಚಮಚ ಬಿಸಿ ತುಪ್ಪ. ಗಟ್ಟಿ ತೆಂಗಿನ ಹಾಲಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಅರ್ಧ ಗಂಟೆ ಬಿಡಿ. ಗೋಲಿಯಷ್ಟು ಉಂಡೆ ಮಾಡಿ, ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಿ. ಹೊಸ ಬಾಚಣಿಗೆಯಾದರೆ ಗೆರೆ ಇನ್ನೂ ಚೆನ್ನಾಗಿ ಮೂಡುತ್ತದೆ. ಸಣ್ಣ ಉರಿಯಲ್ಲಿ ಕರಿದು, ಎರಡೆಳೆ ಪಾಕದಲ್ಲಿ ಹೊರಳಿಸಿ. ಕರಿಯುವುದು ದೊಡ್ಡವರ ಕೆಲಸ, ಸುತ್ತುವುದು ಮಕ್ಕಳದು. ಅರ್ಧ ಗಂಟೆ ಮನೆ ಸದ್ದಿಲ್ಲದೆ ಇರುತ್ತದೆ!

25 ಮತ್ತು ಆಮೇಲೆ

ಬೆಳಿಗ್ಗೆ ಕೇಕ್ ಕತ್ತರಿಸಿ. ಬ್ರೆಡ್ ಚಾಕು ಒಳ್ಳೆಯದು, ಒಂದೊಂದು ಹೋಳಿಗೂ ಬಿಸಿನೀರಲ್ಲಿ ಅದ್ದಿ ಒರೆಸಿಕೊಳ್ಳಿ. ತೆಳ್ಳಗೆ ಕತ್ತರಿಸಿದರೆ ಇಪ್ಪತ್ತು ಹೋಳು ಬರುತ್ತದೆ. ಯಾರ ಮನೆಗಾದರೂ ಕೊಡುವಾಗ ರಮ್ ಇದೆಯೋ ಇಲ್ಲವೋ, ಮೊಟ್ಟೆ ಇದೆಯೋ ಇಲ್ಲವೋ, ಕೇಳುವ ಮುಂಚೆ ನೀವೇ ಹೇಳಿಬಿಡಿ. ಕೇಳಲು ಸಂಕೋಚಪಟ್ಟು ಡಬ್ಬಿ ಹಾಗೇ ಇಟ್ಟುಬಿಡುವವರು ಬಹಳ.

ಉಡುಗೊರೆಯ ಚೀಟಿಯಲ್ಲಿ ಯಾರಾದರೂ ಉಳಿದುಹೋಗಿದ್ದರೆ ಗಾಬರಿ ಬೇಡ, ಸೀಸನ್ ಇನ್ನೂ ಮುಗಿದಿಲ್ಲ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಇರುತ್ತದೆ. ಚಿತ್ರಕಲಾ ಪರಿಷತ್ತಿನ ಮುಂದೆ ರಸ್ತೆಯುದ್ದಕ್ಕೂ ಕಲಾವಿದರೇ ತಮ್ಮ ಚಿತ್ರ ಇಟ್ಟುಕೊಂಡು ಕೂತಿರುತ್ತಾರೆ, ಸಣ್ಣ ಬಜೆಟ್ಟಿಗೂ ಏನಾದರೊಂದು ಸಿಗುತ್ತದೆ. ಹತ್ತು ಗಂಟೆಯೊಳಗೆ ತಲುಪಿ, ಹನ್ನೊಂದಾದರೆ ಕಾಲಿಡಲು ಜಾಗ ಇರುವುದಿಲ್ಲ. ಚಿತ್ರ ಸುತ್ತಿ ತರಲು ಉದ್ದನೆಯ ರಟ್ಟಿನ ಕೊಳವೆ ಮನೆಯಿಂದಲೇ ಒಯ್ಯಿರಿ. ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯುವುದಿಲ್ಲ, ಸ್ವಲ್ಪ ನಗದೂ ಇರಲಿ.